ಸಿಯೆನಾದಿಂದ ಬುವೊನ್‌ಕೊನ್ವೆಂತೊ: ಜೇಡಿಮಣ್ಣಿನ ಗುಡ್ಡಗಳಲ್ಲಿ ಒಂದು ಮಂಗಳವಾರ

ಅಕ್ಟೋಬರ್‌ನಲ್ಲಿ ಟಸ್ಕನಿಯ ಹಳ್ಳಿಗಳಲ್ಲಿ ಸೈಕಲ್ ತುಳಿಯಬೇಕು ಅಂದರೆ ಮಂಗಳವಾರ ಇಲ್ಲವೇ ಶುಕ್ರವಾರ ಹೊರಡಿ. ಇಟಲಿಯಲ್ಲಿ ಆ ಎರಡು ದಿನ ಬೇಟೆಗೆ ಕಾನೂನಿನ ರಜೆ. ಉಳಿದ ದಿನಗಳಲ್ಲಿ, ಅದರಲ್ಲೂ ಭಾನುವಾರ, ಕಿತ್ತಳೆ ಜಾಕೆಟ್ ಹಾಕಿಕೊಂಡವರು ಹೊಲದ ಬದುವಿನಲ್ಲಿ ಬಂದೂಕು ಹಿಡಿದು ನಿಂತಿರುತ್ತಾರೆ. ಅವರಿಗೆ ಬೇಕಾಗಿರುವುದು ಫೆಸೆಂಟ್ ಹಕ್ಕಿ, ಮೊಲ, ಕಾಡುಹಂದಿ. ನಾವಲ್ಲ. ಅದು ಗೊತ್ತಿದ್ದರೂ ಪಕ್ಕದಲ್ಲೇ ಢಂ ಅಂದಾಗ ಹ್ಯಾಂಡಲ್ ಅಲ್ಲಾಡದೆ ಇರುವುದಿಲ್ಲ.

ಹಾಗಾಗಿ ನಾನು ಮಂಗಳವಾರ ರಜೆ ಹಾಕಿದೆ. ಕಾರಣ ಕೇಳಿದ ಮ್ಯಾನೇಜರ್‌ಗೆ ಬೇಟೆಯ ಲೆಕ್ಕ ಹೇಳಿದೆ. ಅವರು ನಗಲಿಲ್ಲ. ಸರಿಯಾದ ಯೋಚನೆ ಅಂದರು.

ನಾನಿರುವುದು ಟುರಿನ್‌ನಲ್ಲಿ. ಕಾರಿನ ಬಾಗಿಲುಗಳ ಒಳಭಾಗಕ್ಕೆ ಡ್ರಾಯಿಂಗ್ ಮಾಡುವ ಕೆಲಸ. ಊರು ವಿಜಯಪುರ ಜಿಲ್ಲೆಯ ಡೋಣಿ ನದಿ ಬಯಲು. ನಮ್ಮ ಕಡೆ ಸೈಕಲ್ ಅಂದರೆ ಬರೀ ಓಡಾಡುವ ಗಾಡಿಯಲ್ಲ. ಜಾತ್ರೆಗಳಲ್ಲಿ ಸೈಕಲ್ ಓಟ ಇಡುತ್ತಾರೆ. ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ರಾಷ್ಟ್ರೀಯ ಕೂಟಗಳಿಂದ ಮೆಡಲ್ ತರುತ್ತಾರೆ. ನನ್ನ ಅಣ್ಣನೂ ಕ್ರೀಡಾ ಹಾಸ್ಟೆಲ್‌ನಲ್ಲಿದ್ದು ಸ್ವಲ್ಪ ಕಾಲ ರೇಸ್ ಮಾಡಿದವನು. ಈಗ ಗೊಬ್ಬರದ ಅಂಗಡಿ, ಮನೆ, ಮಕ್ಕಳು. ಆದರೆ ಮಾರ್ಚ್ ತಿಂಗಳ ಒಂದು ಶನಿವಾರ ಅವನು ಯಾರ ಕೈಗೂ ಸಿಗುವುದಿಲ್ಲ. ಆವತ್ತು 'ಸ್ತ್ರಾದೆ ಬ್ಯಾಂಕೆ' ಇರುತ್ತದೆ. ಸಿಯೆನಾ ಸುತ್ತಲಿನ ಬಿಳಿ ಜಲ್ಲಿ ದಾರಿಗಳಲ್ಲಿ ನಡೆಯುವ ವೃತ್ತಿಪರರ ರೇಸ್. ಶುರುವಾಗಿದ್ದು 2007ರಲ್ಲಿ. ನೂರು ವರ್ಷ ದಾಟಿದ ರೇಸ್‌ಗಳ ಮುಂದೆ ಇದು ಕೂಸು. ಆದರೂ ಈಗ ಸೈಕಲ್ ಸವಾರರು ಬಾಯಿ ಬಿಟ್ಟುಕೊಂಡು ಕಾಯುವುದು ಇದಕ್ಕೇ.

2024ರಲ್ಲಿ ತಾದೇಯ್ ಪೊಗಾಚಾರ್ ಮಾಡಿದ್ದನ್ನು ಅಣ್ಣ ನನಗೆ ಫೋನಿನಲ್ಲಿ ಬೇಕಾದಷ್ಟು ಸಲ ಹೇಳಿದ್ದಾನೆ. ಗುರಿ ಮುಟ್ಟಲು ಇನ್ನೂ 81 ಕಿಲೋಮೀಟರ್ ಇತ್ತು. ಮೊಂತೆ ಸಾಂತೆ ಮಾರಿಯೆ ಅನ್ನುವ ಜಲ್ಲಿ ದಾರಿಯಲ್ಲಿ ಪೊಗಾಚಾರ್ ಎಲ್ಲರನ್ನೂ ಬಿಟ್ಟು ಮುಂದೆ ಹೋದ. ಸಿಯೆನಾ ತನಕ ಒಬ್ಬನೇ ಹೋಗಿ ಗೆದ್ದ. "ಆ ದಾರಿ ನಿನ್ನ ಕಾಲ ಬುಡದಲ್ಲಿದೆ, ನೀನು ಒಂದು ಸಲ ಹೋಗಿಲ್ಲ" ಅನ್ನುವುದು ಅವನ ಬೈಗುಳ. ಟುರಿನ್‌ನಿಂದ ಸಿಯೆನಾಕ್ಕೆ ರೈಲಿನಲ್ಲಿ ಅರ್ಧ ದಿನ ಬೇಕು ಅಂದರೆ ಕೇಳಬೇಕಲ್ಲ.

ದಾರಿ ಹೀಗೆ ಗೊತ್ತು ಮಾಡಿಕೊಂಡೆ. ಸಿಯೆನಾದಿಂದ ಇಳಿದು ಆರ್ಬಿಯಾ ಹೊಳೆ ದಾಟಿ ಮೊಂತೆಅಪೆರ್ತಿ. ಅಲ್ಲಿಂದ ಮೊಂತೆ ಸಾಂತೆ ಮಾರಿಯೆ ಜಲ್ಲಿ ದಾರಿ ಹಿಡಿದು ಅಶಾನೊ ಊರು. ಊಟ. ಮತ್ತೆ ಏರಿ ಕ್ಯುಸೂರೆ, ಮೊಂತೆ ಒಲಿವೇತೊ ಮಠ. ಕೊನೆಗೆ ಇಳಿದು ಬುವೊನ್‌ಕೊನ್ವೆಂತೊ. ಅಲ್ಲಿಂದ ರೈಲಿನಲ್ಲಿ ವಾಪಸ್. ಒಟ್ಟು 55 ಕಿಲೋಮೀಟರ್ ಆಸುಪಾಸು. ಜಾಸ್ತಿ ಅಲ್ಲ. ಆದರೆ ಈ ನಾಡಿನಲ್ಲಿ ಸಮ ನೆಲ ಅನ್ನುವುದು ಹೊಳೆ ದಂಡೆಯಲ್ಲಿ ಮಾತ್ರ ಇದೆ.

ಸಿಯೆನಾದ ಬಾಡಿಗೆ ಅಂಗಡಿಯಲ್ಲಿ ಬ್ಯಾಟರಿ ಸೈಕಲ್ ತೆಗೆದುಕೊಳ್ಳಿ ಅಂತ ತುಂಬಾ ಹೇಳಿದರು. ನಾನು ಜಲ್ಲಿ ದಾರಿಗೆ ಅಂತಲೇ ಮಾಡಿದ ಮಾಮೂಲಿ ಗ್ರಾವೆಲ್ ಸೈಕಲ್‌ಗೇ ಹಟ ಹಿಡಿದೆ. 40 ಮಿಲಿಮೀಟರ್ ಅಗಲದ ಟೈರು, ಪೆಡಲ್ ಹತ್ತಿರ ಒಂದೇ ಗೇರು ಚಕ್ರ, ಹಿಂದೆ ಹೆಚ್ಚು ಹಲ್ಲುಗಳ ಗೇರು. ಆಮೇಲೆ ಮಧ್ಯಾಹ್ನ, ಎಪ್ಪತ್ತು ದಾಟಿದ ಜರ್ಮನ್ ಅಜ್ಜ ಅಜ್ಜಿಯರ ಒಂದು ಗುಂಪು ಬ್ಯಾಟರಿ ಸೈಕಲ್‌ನಲ್ಲಿ ಮಾತಾಡಿಕೊಳ್ಳುತ್ತಾ, ನಗುತ್ತಾ ನನ್ನನ್ನು ದಾಟಿ ಗುಡ್ಡ ಏರಿ ಹೋಯಿತು. ಅವರಲ್ಲೊಬ್ಬ ಅಜ್ಜಿ "ಬ್ರಾವಾ!" ಅಂತ ಹುರಿದುಂಬಿಸಿದರು. ನನಗೆ ಉತ್ತರ ಕೊಡಲು ಉಸಿರಿರಲಿಲ್ಲ.

ಬೆಳಿಗ್ಗೆ ಎಂಟೂವರೆಗೆ ಪೋರ್ತಾ ರೊಮಾನಾ ಬಾಗಿಲಿನಿಂದ ಹೊರಬಿದ್ದೆ. ಸಿಯೆನಾ ಎತ್ತರದಲ್ಲಿದೆ, ಹಾಗಾಗಿ ಮೊದಲು ಬರೀ ಇಳಿಜಾರು. ಫೋಟೊಗಳಲ್ಲಿ ಯಾರೂ ತೋರಿಸದ ಟಸ್ಕನಿ ಇಲ್ಲಿದೆ. ಗೋದಾಮುಗಳು, ಟೈರ್ ಅಂಗಡಿ, ರೌಂಡ್‌ಅಬೌಟ್, ಲಾರಿಗಳು. ತಾವೆರ್ನೆ ದಾರ್ಬಿಯಾ ದಾಟುವವರೆಗೂ ಹೀಗೇ. ಆಮೇಲೆ ಎಡಕ್ಕೆ ಒಂದು ಸಣ್ಣ ದಾರಿ ಹೊರಳುತ್ತದೆ. ಲಾರಿ ಸದ್ದು ಹಿಂದೆ ಉಳಿಯುತ್ತದೆ.

ಮೊಂತೆಅಪೆರ್ತಿಯಲ್ಲಿ ಒಂದು ದಿಬ್ಬ, ಸೈಪ್ರೆಸ್ ಮರಗಳು, ಮಧ್ಯೆ ಪಿರಮಿಡ್ ಆಕಾರದ ಒಂದು ಕಲ್ಲು. 1260ರ ಸೆಪ್ಟೆಂಬರ್ 4ರಂದು ಇಲ್ಲಿ ಸಿಯೆನಾದವರು ಫ್ಲಾರೆನ್ಸ್‌ನ ದೊಡ್ಡ ಸೈನ್ಯವನ್ನು ಸೋಲಿಸಿದರು. ಆರ್ಬಿಯಾ ಹೊಳೆ ರಕ್ತದಲ್ಲಿ ಕೆಂಪಾಯಿತು ಅಂತ ಕವಿ ಡಾಂಟೆ ಬರೆದಿದ್ದಾನೆ. ಆ ಹೊಳೆಯನ್ನು ನಾನು ಆಗಷ್ಟೇ ದಾಟಿ ಬಂದಿದ್ದೆ. ಮೊಣಕಾಲುದ್ದ ನೀರು, ಒಂದು ಪ್ಲಾಸ್ಟಿಕ್ ಡಬ್ಬಿ ತೇಲುತ್ತಿತ್ತು. ಏಳು ನೂರು ವರ್ಷ ದಾಟಿದರೂ ಸಿಯೆನಾದವರು ಆ ಗೆಲುವನ್ನು ಬಿಟ್ಟಿಲ್ಲ. ಅಂಗಡಿಯವನು ನಕಾಶೆ ತೋರಿಸುವಾಗ ಆ ದಿಬ್ಬದ ಮೇಲೆ ಬೆರಳಿಟ್ಟು "ಇಲ್ಲಿ ನಾವು ಗೆದ್ದೆವು" ಅಂದಿದ್ದ. ಅದಾದ ಸುಮಾರು ಮುನ್ನೂರು ವರ್ಷಕ್ಕೆ ಫ್ಲಾರೆನ್ಸ್ ಸಿಯೆನಾವನ್ನು ನುಂಗಿತಲ್ಲ, ಅದನ್ನು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಡಾಂಬರು ಮುಗಿದು ಬಿಳಿ ದಾರಿ ಶುರುವಾಯಿತು. ರೇಸ್‌ನವರು ಇದನ್ನು ಅಶಾನೊ ಕಡೆಯಿಂದ ಬಂದು ಮುಗಿಸುತ್ತಾರೆ. ನಾನು ತಿರುಗುಮುರುಗು. ಒಟ್ಟು 11.5 ಕಿಲೋಮೀಟರ್ ಜಲ್ಲಿ. 2008, 2012, 2016ರಲ್ಲಿ ಗೆದ್ದ ಸ್ವಿಟ್ಜರ್ಲೆಂಡಿನ ಫಾಬಿಯನ್ ಕಾನ್ಚೆಲ್ಲಾರಾನ ಹೆಸರನ್ನು ಈ ತುಂಡಿಗೆ ಇಟ್ಟಿದ್ದಾರೆ. ಮೂರು ಸಲ ಗೆದ್ದವರಿಗೆ ಒಂದು ದಾರಿ ಅಂತ ಪದ್ಧತಿ. ಪ್ರಶಸ್ತಿ ಅಂದರೆ ಹೀಗಿರಬೇಕು ನೋಡಿ.

ಈ ಜಲ್ಲಿ ದಾರಿಗಳು ಇನ್ನೂ ಉಳಿದಿರುವುದಕ್ಕೆ ಕಾರಣ ಬೇರೆ ಒಂದು ಸವಾರಿ. ಎಲ್ಲ ಕಡೆ ಡಾಂಬರು ಹಾಕುತ್ತಾ ಬಂದಾಗ, ಇವನ್ನು ಉಳಿಸಬೇಕು ಅಂತ ಜಾನ್‌ಕಾರ್ಲೊ ಬ್ರೊಚ್ಚಿ ಅನ್ನುವವರು 1997ರಲ್ಲಿ ಕಿಯಾಂತಿಯ ಗಾಯೋಲೆ ಊರಿನಿಂದ ಹಳೆಯ ಸೈಕಲ್‌ಗಳ ಒಂದು ಸವಾರಿ ಹೊರಡಿಸಿದರು. 92 ಜನ ಬಂದಿದ್ದರು. ಅದೇ 'ಎರೋಯಿಕಾ'. ಈಗ ಅಕ್ಟೋಬರ್ ಮೊದಲ ಭಾನುವಾರ ಸಾವಿರಾರು ಜನ ಬರುತ್ತಾರೆ. ಸೈಕಲ್ 1987ಕ್ಕಿಂತ ಮುಂಚಿನದಾಗಿರಬೇಕು, ಗೇರಿನ ಲಿವರ್ ಫ್ರೇಮಿನ ಕೆಳಗಿನ ಕೊಳವೆಯ ಮೇಲಿರಬೇಕು, ಬ್ರೇಕ್ ತಂತಿ ಹ್ಯಾಂಡಲ್ ಮೇಲಿಂದ ಕಾಣಬೇಕು, ಮೈಮೇಲೆ ಉಣ್ಣೆಯ ಅಂಗಿ. ಸ್ತ್ರಾದೆ ಬ್ಯಾಂಕೆ ರೇಸ್ ಹುಟ್ಟಿದ್ದು ಈ ಸವಾರಿಯಿಂದಲೇ. ಜಲ್ಲಿ ಉಳಿದಿದ್ದಕ್ಕೆ ನನ್ನ ಅಂಗೈಗಳು ಆವತ್ತು ಅಷ್ಟೇನೂ ಖುಷಿಪಡಲಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿದೂ ಹಿಡಿದೂ ಬೆರಳು ಮರಗಟ್ಟಿದ್ದವು. ದಾರಿಯುದ್ದಕ್ಕೂ ಅಡ್ಡಡ್ಡ ಗೀರುಗಳು. ಅವುಗಳ ಮೇಲೆ ಹಲ್ಲು ಕಟಕಟ ಅನ್ನುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಜಾರುತ್ತದೆ. ಕೂತೇ ತುಳಿಯಬೇಕು, ಭಾರ ಹಿಂದಿಡಬೇಕು. ಇದನ್ನು ಅಣ್ಣ ಮೊದಲೇ ಹೇಳಿಕೊಟ್ಟಿದ್ದ.

ಈಗ ಮಣ್ಣಿನ ಬಗ್ಗೆ ಹೇಳಬೇಕು. ನಾನು ನಿಜವಾಗಿ ಬಂದದ್ದು ಅದಕ್ಕೇ.

ಸಿಯೆನಾದ ಆಗ್ನೇಯಕ್ಕಿರುವ ಈ ಗುಡ್ಡಗಳಿಗೆ ಕ್ರೇತೆ ಸೆನೇಸಿ ಅನ್ನುತ್ತಾರೆ. ಸುಮಾರು 30 ಲಕ್ಷ ವರ್ಷಗಳ ಹಿಂದೆ ಇದೆಲ್ಲ ಸಮುದ್ರದ ತಳ. ಅಲ್ಲಿ ಕೂತ ಬೂದು ಜೇಡಿ ಮೇಲೆದ್ದು ಗುಡ್ಡವಾಗಿದೆ. ಮಣ್ಣಿನಲ್ಲಿ ಇನ್ನೂ ಉಪ್ಪಿದೆ. ಕೆಲವು ಕಡೆ ಮಳೆ ಕೊರೆದು ಗುಡ್ಡದ ಮೈ ಚೂಪು ಚೂಪಾಗಿ ಸೀಳಿದೆ. ಇನ್ನು ಕೆಲವು ಕಡೆ ಬೋಳು ಗುಮ್ಮಟಗಳು, ಒಣಗಿದಾಗ ಮೇಲೆ ಬಿಳಿ ಉಪ್ಪು ಕಾಣಿಸುತ್ತದೆ. ಅಂಥ ಗುಮ್ಮಟಗಳನ್ನು ಕಳೆದ ಶತಮಾನದಲ್ಲಿ ಬುಲ್ಡೋಜರ್ ಬಿಟ್ಟು ಸಮ ಮಾಡಿ ಗೋಧಿ ಹೊಲ ಮಾಡಿದರು. ಏಪ್ರಿಲ್‌ನಲ್ಲಿ ಬಂದರೆ ಹಸಿರು, ಜೂನ್‌ನಲ್ಲಿ ಬಂಗಾರದ ಬಣ್ಣ. ಕ್ಯಾಲೆಂಡರ್ ಚಿತ್ರಗಳೆಲ್ಲ ಆಗ ತೆಗೆದವು. ಅಕ್ಟೋಬರ್‌ನಲ್ಲಿ ಉತ್ತು ಬಿಟ್ಟಿರುತ್ತಾರೆ. ದಿಗಂತದ ತನಕ ಬೂದು ಹೆಂಟೆ, ಒಂದೊಂದೂ ತಲೆದಿಂಬಿನ ಗಾತ್ರ. ಬಹಳ ಜನಕ್ಕೆ ಈ ತಿಂಗಳ ನೋಟ ಇಷ್ಟವಾಗುವುದಿಲ್ಲ. ನನಗೆ ಇದೇ ಚೆಂದ. ಮಣ್ಣು ಕಾಣುತ್ತದಲ್ಲ.

ಇಳಿದು ಒಂದು ಹೆಂಟೆ ಕೈಗೆ ತೆಗೆದುಕೊಂಡೆ. ಬಣ್ಣ ಬಿಟ್ಟರೆ ನಮ್ಮ ಎರೆ ಮಣ್ಣಿನದೇ ಗುಣ. ಒಣಗಿದರೆ ಕಲ್ಲು, ಬಿರುಕಿನಲ್ಲಿ ಕೈ ಹೋಗುತ್ತದೆ. ನೆನೆದರೆ ಬಿಡುವುದೇ ಇಲ್ಲ. ಒಂದು ತಗ್ಗಿನಲ್ಲಿ ಹಿಂದಿನ ದಿನದ ಮಳೆ ನೀರು ನಿಂತಿತ್ತು. ಅದರ ಪಕ್ಕ ಹಾದುಹೋದದ್ದೇ ತಡ, ಟೈರಿಗೂ ಫ್ರೇಮಿಗೂ ನಡುವೆ ಮಣ್ಣು ಮೆತ್ತಿ ಚಕ್ರ ನಿಂತೇ ಹೋಯಿತು. ಕಡ್ಡಿ ಹುಡುಕಿ ಕೆರೆದೆ. ಚಿಕ್ಕವಳಿದ್ದಾಗ ಶ್ರಾವಣದಲ್ಲಿ ಹೊಲದಿಂದ ಬರುವಾಗ ಅಪ್ಪನ ಅಟ್ಲಾಸ್ ಸೈಕಲ್‌ನ ಮಡ್‌ಗಾರ್ಡ್ ಬಿಚ್ಚಿ ಕ್ಯಾರಿಯರ್‌ಗೆ ಕಟ್ಟುತ್ತಿದ್ದರು, ಇದೇ ಕಾರಣಕ್ಕೆ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಅನ್ನುತ್ತಾರೆ ನಮ್ಮಲ್ಲಿ. ಈ ಬೂದು ಮಣ್ಣಿಗೆ ಅಂಥ ಹೆಸರಿಲ್ಲ. ಗೋಧಿ ಬೆಳೆಯುತ್ತದೆ, ಆದರೆ ಕಾಡಿಸಿ ಬೆಳೆಯುತ್ತದೆ.

ಮುಂದಿನ ತಿರುವಿನಲ್ಲಿ ಕುರಿ ಮಂದೆ. ಅದರ ಜೊತೆ ಮೂರು ಬಿಳಿ ನಾಯಿ.

ಈ ಮಾರೆಮ್ಮಾ ನಾಯಿಗಳ ಬಗ್ಗೆ ಗೊತ್ತಿರಲಿ. ಇವು ಕುರಿ ಅಟ್ಟುವ ನಾಯಿಗಳಲ್ಲ, ಕಾಯುವ ನಾಯಿಗಳು. ಮರಿಯಿದ್ದಾಗಿನಿಂದ ಕುರಿಗಳ ನಡುವೆಯೇ ಬೆಳೆಯುತ್ತವೆ. ಈಚಿನ ವರ್ಷಗಳಲ್ಲಿ ತೋಳಗಳು ಮತ್ತೆ ಹೆಚ್ಚಿವೆ, ಅದಕ್ಕೇ ನಾಯಿಗಳೂ ಹೆಚ್ಚಿವೆ. ವೇಗವಾಗಿ ಬರುವುದೆಲ್ಲ ಅವುಗಳ ಕಣ್ಣಿಗೆ ತೋಳವೇ. ತಪ್ಪಿಸಿಕೊಂಡು ಓಡಿಸಬಾರದು. ಸೈಕಲ್‌ನಿಂದ ಇಳಿಯಬೇಕು. ನಾಯಿಗೂ ನಮಗೂ ನಡುವೆ ಸೈಕಲ್ ಇಟ್ಟುಕೊಂಡು ನಿಧಾನಕ್ಕೆ ನಡೆಯಬೇಕು. ಕಣ್ಣಿಗೆ ಕಣ್ಣು ಕೊಡಬಾರದು. ಮಂದೆಯ ನಡುವೆ ನುಗ್ಗಲೇಬಾರದು. ಇಷ್ಟೆಲ್ಲ ಓದಿಕೊಂಡಿದ್ದೆ. ಅದರಲ್ಲಿ ಒಂದು ನಾಯಿ ಬೊಗಳುತ್ತಾ ಹತ್ತು ಅಡಿ ದೂರಕ್ಕೆ ಬಂದಾಗ ನಾನು ಕನ್ನಡದಲ್ಲಿ "ಹೋಗಪ್ಪಾ, ಹೋಗು" ಅನ್ನತೊಡಗಿದೆ. ಅದು ಹೋಗಲಿಲ್ಲ, ಆದರೆ ಕೂತಿತು.

ಅಷ್ಟರಲ್ಲಿ ಹಳೆಯ ಫಿಯೆಟ್ ಪಾಂಡಾ ಒಂದು ಹೊಲದ ನಡುವಿನಿಂದಲೇ ಬಂತು. ಕುರಿಗಳ ಯಜಮಾನರು, ಅರವತ್ತರ ಮೇಲಿನವರು. ನಾಯಿಗಳಿಗೆ ಏನೋ ಹೇಳಿದರು. ನಾಯಿಗಳು ಮಂದೆಯೊಳಗೆ ಕರಗಿಹೋದವು. ಎಲ್ಲಿಂದ ಬಂದೆ ಅಂತ ಕೇಳಿದರು. ಇಂಡಿಯಾ ಅಂದೆ. ಹಾಗಾದರೆ ಹಾಲು ಕರೆಯುವ ಕೆಲಸವಾ ಅಂದರು. ತಮಾಷೆಯಲ್ಲ, ನಿಜವಾಗಿ ಕೇಳಿದ್ದು. ಉತ್ತರದ ಪೋ ನದಿ ಬಯಲಿನ ದನದ ಕೊಟ್ಟಿಗೆಗಳಲ್ಲಿ ಕೆಲಸ ಮಾಡುವವರಲ್ಲಿ ಪಂಜಾಬಿನವರು ಬಹಳ. ಅಲ್ಲಿನ ಗಟ್ಟಿ ಚೀಸ್‌ಗಳ ಹಾಲು ಹೆಚ್ಚಾಗಿ ಅವರ ಕೈಯಿಂದಲೇ ಬರುತ್ತದೆ. ಈ ಕುರಿ ಯಜಮಾನರಿಗೆ ಗೊತ್ತಿದ್ದ ಇಂಡಿಯಾ ಅದು. ಕಾರಿನ ಬಾಗಿಲು ಬರೆಯುತ್ತೇನೆ ಅಂದಾಗ ಸ್ವಲ್ಪ ಮರ್ಯಾದೆ ಕಡಿಮೆಯಾಯಿತೇನೋ ಅನ್ನಿಸಿತು.

ಅವರೂ ಇಲ್ಲಿಯವರಲ್ಲ. ಅವರ ಅಪ್ಪ 1960ರ ದಶಕದಲ್ಲಿ ಸಾರ್ಡೀನಿಯಾ ದ್ವೀಪದಿಂದ ಹಡಗಿನಲ್ಲಿ ಕುರಿಗಳ ಜೊತೆ ಬಂದವರು. ಅವರೊಬ್ಬರೇ ಅಲ್ಲ, ಆ ಕಾಲದಲ್ಲಿ ಸಾರ್ಡೀನಿಯಾದ ಎಷ್ಟೋ ಕುರುಬ ಕುಟುಂಬಗಳು ಈ ಗುಡ್ಡಗಳಿಗೆ ಬಂದವು. ಯಾಕೆ ಅಂದರೆ ಇಲ್ಲಿಯ ರೈತರು ಬಿಟ್ಟು ಹೋಗುತ್ತಿದ್ದರು. ಮನೆ, ಹೊಲ ಎಲ್ಲ ಅಗ್ಗಕ್ಕೆ ಸಿಗುತ್ತಿತ್ತು. ಇವತ್ತು ಪ್ರವಾಸಿಗಳು ಸಿಯೆನಾದ ಹಳೆಯ ರುಚಿ ಅಂತ ಕೊಂಡುಹೋಗುವ ಪೆಕೊರೀನೊ ಚೀಸ್‌ನಲ್ಲಿ ಒಂದು ದೊಡ್ಡ ಪಾಲು ಈ ವಲಸಿಗರ ಕುರಿಗಳದ್ದು.

ರೈತರು ಯಾಕೆ ಹೋದರು ಅಂದೆ. ಅವರು ಕೈಯಲ್ಲೇ ಎದುರಿನ ಗುಡ್ಡ ತೋರಿಸಿದರು. ಅಲ್ಲಿ ಒಂದು ಮನೆ, ಪಕ್ಕದಲ್ಲಿ ಒಂದು ಸೈಪ್ರೆಸ್ ಮರ. ಹೋಗಿ ನೋಡು ಅಂದರು.

ಹೋದೆ. ದೂರದಿಂದ ನೋಡಿದರೆ ಪಕ್ಕಾ ಪೋಸ್ಟ್‌ಕಾರ್ಡ್. ಹತ್ತಿರ ಹೋದರೆ ಅರ್ಧ ಸೂರು ಕುಸಿದಿತ್ತು. ಕೆಳಗೆ ದನದ ಕೊಟ್ಟಿಗೆ, ಇಟ್ಟಿಗೆಯ ಗೋದಲಿ ಇನ್ನೂ ಗಟ್ಟಿ. ಹೊರಗಡೆಯಿಂದ ಮೆಟ್ಟಿಲು, ಮೇಲೆ ಜನ ಇರುವ ಮನೆ. ಮೂಲೆಯಲ್ಲಿ ಬ್ರೆಡ್ ಸುಡುವ ಒಲೆ, ಅದರ ಬಾಯೊಳಗಿಂದ ಅಂಜೂರದ ಗಿಡ ಬೆಳೆದಿತ್ತು. ಕೆಳಗಿನ ದನಗಳ ಬಿಸಿ ಮೇಲಿನ ಮನೆಗೆ ಚಳಿಗಾಲದಲ್ಲಿ ಆಸರೆ. ಮನೆ ದೊಡ್ಡದು. ಹದಿನೈದು ಜನ ಇದ್ದಿರಬಹುದು. ಇದು ರೈತನ ಮನೆಯೇ, ಆದರೆ ರೈತನದಲ್ಲ. ಭೂಮಾಲೀಕನದು. ಹೊಲ, ಮನೆ ಮಾಲೀಕನದು, ದುಡಿಮೆ ಒಕ್ಕಲಿನದು, ಬೆಳೆದದ್ದರಲ್ಲಿ ಅರ್ಧ ಅರ್ಧ. ಮೆಜ್ಜಾದ್ರಿಯಾ ಅನ್ನುವ ಈ ಏರ್ಪಾಟು ಮಧ್ಯಯುಗದಿಂದ ಟಸ್ಕನಿಯಲ್ಲಿ ನಡೆದುಕೊಂಡು ಬಂದಿತ್ತು. ಮನೆ ಹೊಲದ ನಡುವೆ ಒಂಟಿಯಾಗಿರುವುದಕ್ಕೂ ಅದೇ ಕಾರಣ. ಒಕ್ಕಲು ತನ್ನ ಹೊಲದ ಮೇಲೆಯೇ ಇರಬೇಕಿತ್ತು, ಊರಲ್ಲಲ್ಲ. ನಾವು 'ಆಹಾ, ಗುಡ್ಡದ ಮೇಲೆ ಒಂದೇ ಮನೆ' ಅಂತ ಫೋಟೊ ತೆಗೆಯುವುದು ಆ ಕರಾರನ್ನು.

ಆ ಹಾಳು ಮನೆಯಿಂದ ಮುನ್ನೂರು ಮೀಟರ್ ಆಚೆ ಅದೇ ಅಳತೆಯ ಇನ್ನೊಂದು ಮನೆ. ಅದನ್ನು ರಿಪೇರಿ ಮಾಡಿ ಪಾಟಿನಲ್ಲಿ ಜೆರೇನಿಯಂ ಇಟ್ಟಿದ್ದಾರೆ. ಈಜುಕೊಳ, ಕಬ್ಬಿಣದ ಗೇಟು, ಕ್ಯಾಮೆರಾ. ಕೊಟ್ಟಿಗೆ ಇದ್ದ ಕಡೆ ಗಾಜಿನ ಬಾಗಿಲಿನ ಊಟದ ಕೋಣೆ. ಗೇಟಿನ ಮೇಲೆ ಜರ್ಮನ್‌ನಲ್ಲೂ ಬೋರ್ಡು.

ಬಾಟಲಿಯ ನೀರು ಮುಗಿದಿತ್ತು. ಇಟಲಿಯ ಹಳ್ಳಿಗಾಡಿನಲ್ಲಿ ನೀರು ಬೇಕಾದರೆ ಸ್ಮಶಾನ ಹುಡುಕಬೇಕು. ಗೋರಿಗಳ ಮೇಲಿನ ಹೂವಿಗೆ ಹಾಕಲು ಅಲ್ಲಿ ನಲ್ಲಿ ಇದ್ದೇ ಇರುತ್ತದೆ. ಕುಡಿಯಲು ಬಾರದ ನೀರಾದರೆ ಬೋರ್ಡ್ ಹಾಕಿರುತ್ತಾರೆ. ಬಾಟಲಿ ತುಂಬಿಸಿಕೊಂಡು, ಗೋಡೆ ನೆರಳಿನಲ್ಲಿ ಕೂತು ಬಾಳೆಹಣ್ಣು ತಿಂದೆ. ನಮ್ಮಲ್ಲಾದರೆ ಅಮ್ಮ ಸ್ನಾನ ಮಾಡಿಸದೆ ಮನೆಯೊಳಗೆ ಬಿಡುತ್ತಿರಲಿಲ್ಲ.

ಅಶಾನೊ ತಲುಪಿದಾಗ ಒಂದು ಗಂಟೆ ಆಗಿತ್ತು. ಇಲ್ಲಿ ಊಟದ ಸಮಯ ಅಂದರೆ ಸಮಯ. ಎರಡು, ಎರಡೂವರೆಗೆ ಅಡುಗೆಮನೆ ಮುಚ್ಚಿದರೆ ಸಂಜೆ ಏಳರ ತನಕ ಬೇಡಿಕೊಂಡರೂ ಏನೂ ಇಲ್ಲ. ಸೈಕಲ್ ಗೋಡೆಗೆ ಒರಗಿಸಿ ಒಳಗೆ ಹೋದೆ. ಸಸ್ಯಾಹಾರಿಗಳಿಗೆ ಈ ಭಾಗದಲ್ಲಿ ಕಷ್ಟವಿಲ್ಲ. ಪೀಚಿ ಅನ್ನುವ ದಪ್ಪ ಶಾವಿಗೆ ಸಿಗುತ್ತದೆ. ಹಿಟ್ಟು, ನೀರು, ಕೈಯಲ್ಲೇ ಹೊಸೆದದ್ದು, ಸಾಮಾನ್ಯವಾಗಿ ಮೊಟ್ಟೆಯೂ ಇರುವುದಿಲ್ಲ. ಅದಕ್ಕೆ ಆಲಿಯೋನೆ ಅನ್ನುವ ದೊಡ್ಡ ಬೆಳ್ಳುಳ್ಳಿ, ಟೊಮೆಟೊ. ಅಷ್ಟೇ. ಜೊತೆಗೆ ಉಪ್ಪಿಲ್ಲದ ಬ್ರೆಡ್ಡು. ಟಸ್ಕನಿಯವರು ಬ್ರೆಡ್ಡಿಗೆ ಉಪ್ಪು ಯಾಕೆ ಹಾಕುವುದಿಲ್ಲ ಅನ್ನುವುದಕ್ಕೆ ಊರಿಗೊಂದು ಕಥೆ ಇದೆ. ನನ್ನ ಮಟ್ಟಿಗೆ ಯಾವ ಕಥೆಯೂ ಆ ಬ್ರೆಡ್ಡನ್ನು ರುಚಿ ಮಾಡುವುದಿಲ್ಲ. ಪೆಕೊರೀನೊ ಬೇಕಾ ಅಂದರು. ಅದರಲ್ಲಿ ಹಾಲು ಗಟ್ಟಿಯಾಗಲು ಕರು ಇಲ್ಲವೇ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರುವುದು ಹೆಚ್ಚು. ಬೇಡ ಅಂದೆ. ಯಜಮಾನಿ ಕಾರಣ ಕೇಳಿ, ಒಳಗೆ ಹೋಗಿ ಒಂದು ತಟ್ಟೆ ಬೇಯಿಸಿದ ಬಿಳಿ ಕಾಳು ತಂದಿಟ್ಟರು. ಆಲಿವ್ ಎಣ್ಣೆ, ಮೆಣಸಿನ ಪುಡಿ. ಬಿಲ್ಲಿನಲ್ಲಿ ಅದು ಇರಲಿಲ್ಲ.

ಪಕ್ಕದ ಟೇಬಲ್‌ನಲ್ಲಿ ಉಣ್ಣೆ ಅಂಗಿಯ ಇಬ್ಬರು ಮುದುಕರು. ಎರೋಯಿಕಾ ಮುಗಿದರೂ ಊರಿಗೆ ಹೋಗದೆ ಉಳಿದವರು. ಹೊರಗೆ ನಿಂತಿದ್ದ ಅವರ ಸೈಕಲ್‌ಗಳಿಗೆ ಹಿಂದೆ ಗೇರು ಚಕ್ರಗಳು ಆರೇ ಆರು. ಫೋಟೊ ತೆಗೆದು ಅಣ್ಣನಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು. ಸೈಕಲ್‌ನ ಬ್ರಾಂಡು, ಕ್ರ್ಯಾಂಕಿನ ಅಳತೆ ಕೇಳಿದ್ದ. ನಾನು ಹೇಗಿದ್ದೇನೆ ಅಂತ ಕೇಳಿರಲಿಲ್ಲ.

ಅಶಾನೊದಿಂದ ಕ್ಯುಸೂರೆಗೆ ಡಾಂಬರು ದಾರಿಯಲ್ಲಿ ಏರು. ಹೊಟ್ಟೆ ತುಂಬ ಪೀಚಿ ತಿಂದು ಏರಬಾರದು, ಇಷ್ಟೇ ಹೇಳುತ್ತೇನೆ. ಜರ್ಮನ್ ಅಜ್ಜಿ ದಾಟಿ ಹೋದದ್ದು ಇಲ್ಲೇ. ಮೇಲೆ ಸಣ್ಣ ಹಳ್ಳಿ. ಅಂಚಿಗೆ ಹೋಗಿ ನಿಂತರೆ ಕಾಲಡಿಯಲ್ಲಿ ಸೀಳಿದ ಬೂದು ಕಣಿವೆಗಳು, ಅವುಗಳ ನಡುವೆ ಒಂದು ಕಡೆ ಮಾತ್ರ ದಟ್ಟ ಹಸಿರು. ಆ ಹಸಿರಿನೊಳಗೆ ಕೆಂಪು ಇಟ್ಟಿಗೆಯ ಮೊಂತೆ ಒಲಿವೇತೊ ಮಜ್ಜೋರೆ ಮಠ.

1313ರಲ್ಲಿ ಸಿಯೆನಾದ ಸಿರಿವಂತ ಮನೆತನದ ಬೆರ್ನಾರ್ದೊ ತೊಲೊಮೇಯಿ ಎಲ್ಲ ಬಿಟ್ಟು ಬಂದು ಕೂತ ಜಾಗ ಇದು. ಆಗ ಇದಕ್ಕೆ ಅಕ್ಕೋನಾದ ಮರುಭೂಮಿ ಅನ್ನುತ್ತಿದ್ದರು. 1348ರ ಪ್ಲೇಗಿನಲ್ಲಿ ಸಿಯೆನಾಕ್ಕೆ ವಾಪಸ್ ಹೋಗಿ, ರೋಗ ಬಂದ ಸನ್ಯಾಸಿಗಳ ಆರೈಕೆ ಮಾಡುತ್ತಾ ತಾನೂ ತೀರಿಕೊಂಡ. ಮಠದ ಒಳ ಅಂಗಳದ ನಾಲ್ಕೂ ಗೋಡೆಗಳ ಮೇಲೆ ಸಂತ ಬೆನೆಡಿಕ್ಟ್‌ನ ಕಥೆಯ ಚಿತ್ರಗಳಿವೆ. ಲೂಕಾ ಸಿನ್ಯೊರೆಲ್ಲಿ 1497ರ ಹೊತ್ತಿಗೆ ಶುರುಮಾಡಿ ಕೆಲವನ್ನು ಬರೆದು ಹೋದ. ಉಳಿದದ್ದನ್ನು 1505ರಿಂದ ಮುಗಿಸಿದವನು ಸೋದೋಮಾ. ತಿಳಿದವರು ಸಿನ್ಯೊರೆಲ್ಲಿ ದೊಡ್ಡವನು ಅನ್ನುತ್ತಾರೆ. ನನಗೆ ಸೋದೋಮಾನೇ ಸೇರಿದ. ಒಂದು ಚಿತ್ರದಲ್ಲಿ ಸಂತನ ಪವಾಡ ನಡೆಯುತ್ತಿದ್ದರೆ, ನಟ್ಟನಡುವೆ ಜರಿಯ ನಿಲುವಂಗಿ ಹಾಕಿಕೊಂಡು ತನ್ನನ್ನೇ ಬರೆದುಕೊಂಡಿದ್ದಾನೆ. ಕಾಲ ಬಳಿ ಅವನು ಸಾಕಿದ ಬ್ಯಾಜರ್ ಅನ್ನುವ ಬಿಲದ ಪ್ರಾಣಿಗಳು. ಸನ್ಯಾಸಿಗಳು ಅದನ್ನು ಐನೂರು ವರ್ಷದಿಂದ ಅಳಿಸದೆ ಬಿಟ್ಟಿದ್ದಾರಲ್ಲ, ಅದಕ್ಕೂ ದೊಡ್ಡ ಮನಸ್ಸು ಬೇಕು. ಮಧ್ಯಾಹ್ನ ಮಠ ಮುಚ್ಚಿರುತ್ತದೆ, ಮೂರರ ಮೇಲೆ ಬಂದರೆ ಒಳ್ಳೆಯದು. ಸೈಕಲ್ ಶೂ ಕಲ್ಲಿನ ಮೇಲೆ ಟಕಟಕ ಅನ್ನುತ್ತದೆ, ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ಬಿಳಿ ನಿಲುವಂಗಿಯ ಸನ್ಯಾಸಿಯೊಬ್ಬರು ನೋಡಿ ತಲೆಯಾಡಿಸಿದರು. ಮೆಚ್ಚಿದರೋ ಬೇಸರಪಟ್ಟರೋ ಗೊತ್ತಾಗಲಿಲ್ಲ.

ಅಲ್ಲಿಂದ ಬುವೊನ್‌ಕೊನ್ವೆಂತೊಗೆ ಹೆಚ್ಚಿನಂಶ ಇಳಿಜಾರು. ಪೆಡಲ್ ತುಳಿದದ್ದೇ ಕಡಿಮೆ.

ಬುವೊನ್‌ಕೊನ್ವೆಂತೊ ಕೋಟೆಗೋಡೆಯೊಳಗಿನ ಪುಟ್ಟ ಊರು, ಪೂರ್ತಿ ಇಟ್ಟಿಗೆ. 1313ರಲ್ಲೇ ಪವಿತ್ರ ರೋಮನ್ ಚಕ್ರವರ್ತಿ ಏಳನೇ ಹೆನ್ರಿ ಇಲ್ಲಿ ಸತ್ತ. ಅವನು ಇಟಲಿಯನ್ನು ಸರಿಮಾಡುತ್ತಾನೆ ಅಂತ ಡಾಂಟೆ ಕಾದಿದ್ದ. ಪಾಪ. ನಾನು ಹುಡುಕಿಕೊಂಡು ಹೋದದ್ದು ಚಕ್ರವರ್ತಿಯನ್ನಲ್ಲ, ಸಿಯೆನಾ ಸೀಮೆಯ ಮೆಜ್ಜಾದ್ರಿಯಾ ಮ್ಯೂಸಿಯಂ ಅನ್ನು. ಬೆಳಿಗ್ಗೆ ಕಂಡ ಹಾಳು ಮನೆಯ ಒಳಗೆ ಏನಿತ್ತು ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ನೇಗಿಲು, ನೊಗ, ಅಡುಗೆಮನೆ.

ಆ ಕರಾರುಗಳ ವಿವರ ಓದಿದರೆ ಅರ್ಧ ಅರ್ಧ ಅನ್ನುವುದು ಎಷ್ಟು ಕಾಗದದ ಮಾತು ಅನ್ನುವುದು ತಿಳಿಯುತ್ತದೆ. ಅರ್ಧ ಕೊಟ್ಟ ಮೇಲೂ ಹಬ್ಬಕ್ಕೆ ಕೋಳಿ, ತಿಂಗಳಿಗೆ ಇಷ್ಟು ಮೊಟ್ಟೆ ಮಾಲೀಕನ ಮನೆಗೆ ಹೋಗಬೇಕು. ಎಷ್ಟೋ ಕಡೆ ಮನೆಯಲ್ಲಿ ಮದುವೆ ಮಾಡಬೇಕಾದರೂ ಮಾಲೀಕನ ಒಪ್ಪಿಗೆ. ದುಡಿಯುವ ಕೈಗಳ ಲೆಕ್ಕ ಬದಲಾಗುತ್ತದಲ್ಲ. ಸಾಲದ ಲೆಕ್ಕ ಒಂದು ಪುಸ್ತಕದಲ್ಲಿ, ಅದನ್ನು ಬರೆಯುವವನು ಮಾಲೀಕನ ಗುಮಾಸ್ತ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿಯ ಒಕ್ಕಲುಗಳು ಕೆಂಪು ಬಾವುಟ ಹಿಡಿದು ಬೀದಿಗಿಳಿದರು. 1948ರಲ್ಲಿ ಒಕ್ಕಲಿನ ಪಾಲು ಶೇಕಡಾ 53 ಆಯಿತು. 1964ರಲ್ಲಿ 58 ಆಯಿತು, ಹೊಸ ಕರಾರುಗಳನ್ನೇ ಕಾನೂನು ನಿಲ್ಲಿಸಿತು. ಅಷ್ಟೊತ್ತಿಗೆ ಜನ ಕಾದು ಸಾಕಾಗಿ ಪಟ್ಟಣದ ಕಾರ್ಖಾನೆಗಳಿಗೆ ಹೋಗಿಬಿಟ್ಟಿದ್ದರು. ಹಳೆಯ ಕರಾರುಗಳು ಗೇಣಿಯಾಗಿ ಬದಲಾಗಲು 1982ರ ಕಾನೂನು ಬರಬೇಕಾಯಿತು. ಅದಾಗಿ ಮೂರೇ ವರ್ಷಕ್ಕೆ, 1985ರಲ್ಲಿ, ಹೊಲದ ಮನೆಗಳಲ್ಲಿ ಪ್ರವಾಸಿಗಳನ್ನು ಇಟ್ಟುಕೊಳ್ಳುವುದಕ್ಕೆ ಇನ್ನೊಂದು ಕಾನೂನು ಬಂತು. ಈ ಎರಡನ್ನೂ ಒಟ್ಟಿಗೆ ಓದಿದರೆ ನಾನು ಬೆಳಿಗ್ಗೆಯಿಂದ ಸೈಕಲ್ ಹೊಡೆದ ನಾಡು ಅರ್ಥವಾಗುತ್ತದೆ. ಟಸ್ಕನಿಯ ಪ್ರವಾಸದ ಪುಸ್ತಕಗಳಲ್ಲಿ 'ಕಾಲ ನಿಂತಿದೆ' ಅಂತ ಬರೆಯುತ್ತಾರೆ. ನಿಂತಿದ್ದರೆ ಅಲ್ಲಿ ಹದಿನೈದು ಜನ ಇರುತ್ತಿದ್ದರು, ಈಜುಕೊಳ ಅಲ್ಲ.

ಸ್ಟೇಷನ್‌ನಲ್ಲಿ ರೈಲಿಗೆ ಇನ್ನೂ ಹೊತ್ತಿತ್ತು. ಈ ಲೈನಿನಲ್ಲಿ ರೈಲು ಕಡಿಮೆ, ಸಮಯ ಮೊದಲೇ ನೋಡಿಕೊಂಡಿರಿ. ಸೈಕಲ್‌ಗೆ ಬೇರೆ ಟಿಕೆಟ್ ಬೇಕು. ನಲ್ಲಿ ಹತ್ತಿರ ಟೈರಿನ ಮಣ್ಣು ತೊಳೆಯುತ್ತಾ ಅಣ್ಣನಿಗೆ ಫೋನ್ ಮಾಡಿದೆ. ಊರಲ್ಲಿ ರಾತ್ರಿ ಒಂಬತ್ತರ ಹತ್ತಿರ. ಮೊಂತೆ ಸಾಂತೆ ಮಾರಿಯೆ ವರದಿ ಎಲ್ಲ ಕೊಟ್ಟೆ. ಅವನಿಗೆ ಖುಷಿಯೋ ಖುಷಿ. ಆಮೇಲೆ ಸುಮ್ನೆ ಕೇಳಿದೆ, ನಮ್ಮ ಹೊಲದ್ದು ಈಗ ಹೇಗೆ ಅಂತ. ಅಪ್ಪ ಹೋದ ಮೇಲೆ ನಮ್ಮ ಹೊಲವನ್ನು ಊರಿನ ಒಬ್ಬರೇ ಮಾಡುತ್ತಿದ್ದಾರೆ. ಕರ್ನಾಟಕದಲ್ಲಿ 1974ರ ತಿದ್ದುಪಡಿ ಆದಾಗಿನಿಂದ ಗೇಣಿ ಅನ್ನುವುದು ಕಾನೂನಿನಲ್ಲಿಲ್ಲ. ಊರಲ್ಲಿ ಎಲ್ಲ ಬಾಯಿಮಾತು. ನಾನು ಆ ಲೆಕ್ಕ ಒಂದು ದಿನವೂ ಕೇಳಿದವಳಲ್ಲ. ನನ್ನ ಪಾಲಿನ ದುಡ್ಡು ಅಕೌಂಟಿಗೆ ಬರುತ್ತದೆ, ಅಷ್ಟೇ.

ಪಾಲಿಗೆ ಹಚ್ಚಿದ್ದೇನೆ ಅಂದ. ಬೀಜ, ಗೊಬ್ಬರದ ಖರ್ಚು ಇಬ್ಬರದೂ ಅರ್ಧ ಅರ್ಧ, ದುಡಿಮೆ ಅವರದು, ಬಂದದ್ದರಲ್ಲಿ ಅರ್ಧ ಅರ್ಧ. ತೊಗರಿ, ಕಡಲೆ ಎರಡಕ್ಕೂ ಹಾಗೆಯೇ. ಗೊಬ್ಬರ ಯಾರ ಅಂಗಡಿಯದು ಅಂತ ಕೇಳಿದೆ. ನಮ್ಮದೇ, ಇನ್ಯಾರದು ಅಂದ. ಲೆಕ್ಕ ಬರೆಯುವವರು ಯಾರು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾಕೆ, ಅವರೇನಾದರೂ ನಿನಗೆ ಫೋನ್ ಮಾಡಿದ್ದರಾ?" ಅಂದ. ಇಲ್ಲ ಅಂದೆ. ಮುಂದಿನ ವರ್ಷದಿಂದ ಪಾಲು ಬೇಡ, ವರ್ಷಕ್ಕೆ ಇಷ್ಟು ಅಂತ ಲಾವಣಿಗೆ ಕೊಡಿ ಅಂತ ಅವರು ಕೇಳುತ್ತಿದ್ದಾರಂತೆ. ಇವನಿಗೆ ಇಷ್ಟವಿಲ್ಲ. ಲಾವಣಿಗೆ ಕೊಡುವುದೇ ಸರಿ ಅಂತ ನನಗೆ ಅನ್ನಿಸಿತು, ಹೇಳಿದೆ. ರೈಲು ಬಂತು, ಸೈಕಲ್ ಎತ್ತಬೇಕಿತ್ತು. ದೀಪಾವಳಿಗೆ ಬಂದಾಗ ಕೂತು ಮಾತಾಡೋಣ ಅಂದ.